ಹೆಚ್ಚಿತು

ಡಬ್ಬದಲ್ಲಿ ಅಕ್ಕಿ ತೀರಿದರೆ ಗಂಗಮಾಳಜ್ಜಿ
ತೀರಿತು ಅನ್ನುತ್ತಿರಲಿಲ್ಲ. ಹೆಚ್ಚಿತು ಅನ್ನುತ್ತಿದ್ದಳು.
ಬಳೆ ಒಡೆದರೆ ಹೆಚ್ಚಿತು, ಭರಣಿಯ ಕುಂಕುಮ ತಳ ಕಂಡರೆ ಹೆಚ್ಚಿತು.
ದೀಪ ಆರಿಸು ಅಂದವಳೇ ಅಲ್ಲ, ದೊಡ್ಡದು ಮಾಡು.
ನಾನು ಚಿಕ್ಕವಳು, ಬತ್ತಿ ಎಳೆದು ನಿಜಕ್ಕೂ ದೊಡ್ಡದು ಮಾಡಿ
ತಲೆಗೊಂದು ಮೊಟಕಿಸಿಕೊಂಡಿದ್ದೆ.

ಈಗ ತುಮಕೂರು ಪಾಲಿಕೆಯ ಜನನ ಮರಣ ಶಾಖೆಯಲ್ಲಿ
ಹೊರಗುತ್ತಿಗೆ, ಕಿಟಕಿ ಪಕ್ಕದ ಎರಡನೇ ಕಂಪ್ಯೂಟರು.
ಅಂಕಿಅಂಶದ ಮೇಡಂ ಬಂದರು,
ಬಿಸಿನೀರಿನ ಫ್ಲಾಸ್ಕು ಮೇಜಿನ ಮೇಲಿಟ್ಟು ಹೇಳಿಕೊಟ್ಟರು:
ಕಾರಣದ ಕಾಲಂ ನಂಬಬೇಡಿ.
ಹೃದಯ ಸ್ತಂಭನ ಅಂತ ಬರೆದಿರುತ್ತಾರೆ,
ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ ಹೇಳಿ.
ತಲೆ ಮಾತ್ರ ಎಣಿಸಿ.
ಹಿಂದಿನ ಐದು ಮೇ ತಿಂಗಳು ಕೂಡಿ, ಐದರಿಂದ ಭಾಗಿಸಿ,
ಈ ಮೇನಿಂದ ಕಳೆಯಿರಿ.
ಉಳಿದದ್ದು ಹೆಚ್ಚುವರಿ.

ಮಂಡಿಪೇಟೆಯಲ್ಲಿ ಅಪ್ಪ ರಾಗಿ ಅಳೆಯುತ್ತಿದ್ದ.
ಒಂದು ಅನ್ನದೆ ಲಾಭ ಅನ್ನುತ್ತಿದ್ದ, ಆಮೇಲೆ ಎರಡು, ಮೂರು.
ರಿಜಿಸ್ಟರಿನ ಮೊದಲ ಸಾಲಿಗೆ ಬೆರಳಿಟ್ಟಾಗ
ಬಾಯಿಗೆ ಅದೇ ಬಂತು. ನುಂಗಿಕೊಂಡೆ.
ಸಿದ್ದಗಂಗಯ್ಯ, ಐವತ್ತೆರಡು, ಗುಬ್ಬಿ ಗೇಟು, ಪಂಚರ್ ಅಂಗಡಿ.

ರಿಜಿಸ್ಟರಿಗೆ ಬಾರದವರನ್ನು ಹುಡುಕಿಕೊಂಡು
ಸೌದೆ ಡಿಪೋದ ರಸೀತಿ ಪುಸ್ತಕ ತಂದೆವು.
ಖಬರಸ್ತಾನದ ಬಾಬಾಜಾನ್ ಸಾಬರ ನೋಟ್‌ಬುಕ್ಕು ತಂದೆವು,
ಹಿಂಬದಿಗೆ ಮಗ್ಗಿ ಮುದ್ರಿಸಿರುವ ಶಾಲೆ ಮಕ್ಕಳದು.
ಒಂದು ಪುಟದಿಂದಾಚೆ ಹೆಸರು ಬರೆಯುವುದನ್ನೇ ಬಿಟ್ಟು
ಗೀಟು ಎಳೆದಿದ್ದರು, ನಾಲ್ಕು ನಿಂತದ್ದು, ಐದನೆಯದು ಅಡ್ಡ.
ಗುದ್ದಲಿ ಹಿಡಿದ ಕೈಗೆ ಪೆನ್ನು ನಿಲ್ತಿರಲಿಲ್ಲಮ್ಮ, ಅಂದರು.

ನಮ್ಮ ವಾರ್ಡಿನ ಸರಾಸರಿ ಹತ್ತೊಂಬತ್ತು.
ಆ ಮೇ ಐವತ್ತೇಳು.
ಕಳೆದರೆ ಮೂವತ್ತೆಂಟು. ಎಕ್ಸೆಲ್ಲಿಗೆ ಅದು ರೆಪ್ಪೆ ಬಡಿಯುವಷ್ಟರ ಕೆಲಸ.

ಖಮರುನ್ನೀಸಾ ಮೂರನೇ ಸಲ ಬಂದಳು, ಪಿ.ಎಚ್. ಕಾಲೋನಿಯಿಂದ,
ಗಂಡನ ಪತ್ರ ಹಿಡಿದು. ಹೃದಯ ಸ್ತಂಭನ.
ಪರಿಹಾರ ಬರಲ್ಲ ಅಂದಿದ್ದಾರಂತೆ ತಾಲೂಕು ಕಚೇರಿಯಲ್ಲಿ.
ಏನು ಲೆಕ್ಕ ಇದು ಅಂತ ಕೇಳಿದಳು, ಹೇಳಿದೆ.
ಪರದೆ ಕಡೆ ಬಗ್ಗಿ ನೋಡಿ,
ನಮ್ಮವರು ಹತ್ತೊಂಬತ್ತರಲ್ಲೋ, ಮೂವತ್ತೆಂಟರಲ್ಲೋ?
ಹಾಗೆ ಹೇಳಕ್ಕಾಗಲ್ಲ ಅಕ್ಕ, ಹೆಚ್ಚುವರಿಗೆ ಹೆಸರಿರಲ್ಲ.
ಹೆಸರಿಲ್ಲದವರಿಗಾ ನಾನು ಐದು ತಿಂಗಳಿಂದ ಅಲೀತಿರೋದು, ಅಂದಳು,
ಪತ್ರದ ಮಡಿಕೆ ಹರಿದ ಕಡೆ ಬೆರಳು ಒತ್ತಿ.

ಸಂಜೆ ಹಳೆಯ ಮೇ ತಿಂಗಳುಗಳನ್ನು ಮತ್ತೆ ತೆರೆದೆ.
ಪ್ರತಿ ವರ್ಷವೂ ನಾಲ್ಕು ಮಂದಿ ಹೆದ್ದಾರಿಯವರು:
ಲಾರಿ, ಬೈಕು, ರಸ್ತೆ ದಾಟುವಾಗ.
ಆ ಮೇನಲ್ಲಿ ಸೊನ್ನೆ. ನಾಯಿ ಮಲಗಿತ್ತು ಹೆದ್ದಾರಿ ನಡುವೆ.
ಅಂದರೆ ಮೂವತ್ತೆಂಟಲ್ಲ, ನಲವತ್ತೆರಡು.
ಅಂದರೆ ಲೆಕ್ಕದ ಪ್ರಕಾರ ಹೋಗಬೇಕಿದ್ದ ನಾಲ್ವರು
ಹೋಗದೆ ಇದೇ ಊರಲ್ಲಿದ್ದಾರೆ,
ಕರೆಂಟ್ ಬಿಲ್ಲು ಕಟ್ಟುತ್ತಾ, ಸೊಪ್ಪಿಗೆ ಚೌಕಾಸಿ ಮಾಡುತ್ತಾ.
ಅವರಿಗೆ ಯಾರೂ ಹೇಳಿಲ್ಲ.
ಅವರಿಗೂ ಹೆಸರಿಲ್ಲ.
ಮೇಡಂಗೆ ಫೋನು ಮಾಡಿದೆ. ಒಳ್ಳೇ ಪಾಯಿಂಟು, ಅಡಿಟಿಪ್ಪಣಿ ಹಾಕಿ, ಅಂದರು.

ಈಗಲೂ ರಾತ್ರಿ ಕ್ಯಾತ್ಸಂದ್ರದ ಹತ್ತಿರ ಸ್ಕೂಟಿ ನಿಲ್ಲಿಸಿ
ದಾಟುವವರನ್ನು ನೋಡುತ್ತೇನೆ.
ತಟ್ಟೆ ಇಡ್ಲಿ ಪೊಟ್ಟಣ ಎದೆಗವಚಿಕೊಂಡ ಆ ದಪ್ಪ ಮನುಷ್ಯ.
ಕಿತ್ತ ಚಪ್ಪಲಿ ಕೈಲಿ ಹಿಡಿದು ಓಡುವ ಹುಡುಗಿ.
ಇವನೋ? ಇವಳೋ?
ಹಾರನ್ನು ಕಿವಿ ಸೀಳಿಕೊಂಡು ಹೋಗುತ್ತದೆ. ದಾಟಿರುತ್ತಾರೆ.

ನಾನೋ?

ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಳ್ಳುವಾಗ ಫೋನು ನಡುಗುತ್ತದೆ.
ಅಮ್ಮ.
ಅಕ್ಕಿ ಹೆಚ್ಚಿದೆ ಕಣೇ, ಬರ್ತಾ ಐದು ಕೇಜಿ ತಾ.