ರೈಟ್

ಮೊನ್ನೆಯ ಗಾಳಿಗೆ ಸುಂಕದಕಟ್ಟೆಯ ಆಟೋ ಸ್ಟ್ಯಾಂಡಿನ ಮೇಲೆ
ಮಗುಚಿಕೊಂಡ ಗುಲ್‌ಮೊಹರು.
ಕಾರ್ಪೊರೇಷನ್ನಿನವರು ಮಷೀನಲ್ಲಿ ಕೊಯ್ದು
ರಂಬೆ ಒಯ್ದರು, ಬೊಡ್ಡೆ ಬಿಟ್ಟರು.
ನಾಲ್ಕು ತುಂಡು ನನ್ನ ಪಾಲಿಗೆ,
ತಳ್ಳುಗಾಡಿಗೆ ನೂರೈವತ್ತು.
ಮನೆಯಲ್ಲಿ ಗೀಸರಿದೆ.
ಅದರ ನೀರಿಗೆ ಹೊಗೆಯ ವಾಸನೆ ಇಲ್ಲ, ಅಷ್ಟೇ ನನ್ನ ತಕರಾರು.

ಹಿಂದಿನ ಬಾಡಿಗೆ ಮನೆಯ ವೆಲ್ಡಿಂಗ್ ಸಿರಾಜನ ಮಗಳು
ತಬಸ್ಸುಮ್, ಮೂರನೇ ಕ್ಲಾಸು,
ಭಾನುವಾರ ಬೆಳಿಗ್ಗೆ ಅಪ್ಪನ ಕಪ್ಪು ಕನ್ನಡಕ ಹಾಕಿಕೊಂಡು
ಗೋಡೆ ತಡವುತ್ತ ಬಂದಳು.
"ಚಕ್ಕೆ ಹಾರ್ತದಲ್ಲ, ಡ್ರೈವರ್ ತಾತ."
ಏನೂ ಕಾಣದೆ, ಕಡೆಗೆ ಹಣೆಗೇರಿಸಿದಳು.

ಮೊದಲು ಗರಗಸ. ಎರಡು ಹಿಡಿಯದು, ನಮ್ಮಪ್ಪನ ಕಾಲದ್ದು.
"ತಳ್ಳಬೇಡ ಮಗಾ. ಎಳಿ, ಬಿಡು. ಎಳಿ, ಬಿಡು.
ತಳ್ಳಿದರೆ ಅಲಗು ಬಾಗ್ತದೆ."
ತಳ್ಳಿದಳು. ಬಾಗಿತು. ನಕ್ಕಳು.
ಹತ್ತನೇ ಸಲಕ್ಕೆ ತೋಳಿಗೆ ತಾನಾಗಿ ತಿಳಿಯಿತು,
ನನ್ನ ಮಾತಿನಿಂದಲ್ಲ,
ಹಲ್ಲುಗಳ ನಡುವೆ ಹಿಟ್ಟಿನ ಗಿರಣಿಯ ಸದ್ದು ಹುಟ್ಟಿ
ಕಾಲ್ಬೆರಳ ಮೇಲೆ ಪುಡಿ ಉದುರಿದಾಗ.

ಆಮೇಲೆ ಕೊಡಲಿ.
ಇಟ್ಟಿಗೆ ಚೂರಿನಲ್ಲಿ ನೆಲಕ್ಕೊಂದು ಗೆರೆ:
"ಇದರಾಚೆ ನೀನು. ನೀನೇ ಕಂಡಕ್ಟರು.
ನೀನು ರೈಟ್ ಅನ್ನೋವರೆಗೆ ಗಾಡಿ ಕದಲಲ್ಲ."

ಇಪ್ಪತ್ತೊಂಬತ್ತು ವರ್ಷ ಸ್ಟೇರಿಂಗು ಹಿಡಿದವನು.
ಒಂದೇ ಒಂದು ಸಲ, ಕಾಮಾಕ್ಷಿಪಾಳ್ಯದ ಸ್ಟಾಪಿನಲ್ಲಿ,
ರೈಟ್ ಕೇಳಿಸಿತು ಅಂದುಕೊಂಡೆ.
ಯಾರೂ ಅಂದಿರಲಿಲ್ಲ.
ಇವಳಿಗೆ ಅದನ್ನು ಹೇಳಲಿಲ್ಲ.
ಗೆರೆಯನ್ನು ಅಳಿಸಿ
ಇನ್ನೊಂದು ಮಾರು ಹಿಂದಕ್ಕೆ ಎಳೆದೆ.

"ರೈಟ್!"
ತುಂಡು ಎರಡಾಯಿತು, ಒಳಗೆಲ್ಲ ಹಸಿ.
"ರೈಟ್, ರೈಟ್!"
ಹೋಳುಗಳನ್ನು ಕಾಂಪೌಂಡಿಗೆ ಒರಗಿಸಿದಳು:
ತೆಳ್ಳಗಿನವು ಲೇಡೀಸ್ ಸೀಟು, ದಪ್ಪನೆಯವು ಸ್ಟ್ಯಾಂಡಿಂಗು,
ಸೀಳದೆ ಸತಾಯಿಸಿದ ಗಂಟುಮೋರೆಯದೊಂದನ್ನು
ಕಡೇ ಸೀಟಿಗೆ.
"ಹಸಿ ಉರಿಯಲ್ಲ ಅಲ್ವಾ ತಾತ?"
ಉರಿಯಲ್ಲ. ಎರಡು ತಿಂಗಳು ಬಿಸಿಲು ಕುಡೀಬೇಕು.
"ಮತ್ತೆ ಇವತ್ಯಾಕೆ?"
ಒಣಗಿದ ಮೇಲೆ ಇದು ನನ್ನ ಮಾತು ಕೇಳಲ್ಲ, ಅದಕ್ಕೆ.

ನಾಲ್ಕನೆಯದು. "ರೈಟ್" ಅಂದಳು, ಎತ್ತಿದೆ.
ಅಲಗು ತಲೆಯ ಮೇಲಿತ್ತು.
"ಹೋಲ್ಡಾನ್!"
ಎತ್ತಿದ ಕೈ ಎತ್ತಿದಲ್ಲೇ ನಿಂತಿತು.
ಕಾಲು ಮಾತ್ರ ಇಲ್ಲದ ಬ್ರೇಕನ್ನು ಒತ್ತಿತು.
ಗೆರೆ ದಾಟದೆ, ಬಗ್ಗಿ, ಬೆರಳು ಚಾಚಿ ತೋರಿಸಿದಳು:
ತೊಗಟೆ ಅರ್ಧ ನುಂಗಿದ ಮೊಳೆ,
ಅದರ ಕುತ್ತಿಗೆಗೆ ತುಕ್ಕು ಹಿಡಿದ ತಗಡು.
ಕೂಡಿಸಿ ಓದಿದಳು: "ರೂ... ಮು... ಬಾ... ಡಿ..."
ಉಳಿದ ಅಕ್ಷರ ಮರದ ಹೊಟ್ಟೆಯಲ್ಲಿ.

ಕೊಡಲಿಯ ಬಾಯಿ ಹೋಗುತ್ತಿತ್ತು.
ಬೇರೆ ಏನೇನು ಹೋಗುತ್ತಿತ್ತೋ.
"ಚೆನ್ನಾಗಿ ನೋಡಿದೆ" ಅಂದೆ. ಗಂಟಲು ಕಟ್ಟಿತ್ತು,
ಪುಡಿಗಿರಬೇಕು.

ಇಕ್ಕಳ ತರುವಷ್ಟರಲ್ಲಿ ಅವರಮ್ಮ ಕೂಗಿದರು.
ಓಡಿದಳು, ಕನ್ನಡಕ ಕೊರಡಿನ ಮೇಲೆ ಬಿಟ್ಟು.

ಮೊಳೆ ಕಿತ್ತೆ, ಜೇಬಿಗಿಟ್ಟೆ.
ಈಗ ಹೊಡೆಯಬಹುದಿತ್ತು. ಹಿಂದೆ ಮುಂದೆ ಯಾರೂ ಇಲ್ಲ.
ಹೊಡೆಯಲಿಲ್ಲ.
ಬೀಡಿ ಹಚ್ಚಿ, ಗೆರೆಯ ಈಚೆ ಕೂತೆ,
ಕಂಡಕ್ಟರು ಊಟಕ್ಕೆ ಹೋದಾಗ
ಖಾಲಿ ಬಸ್ಸಿನಲ್ಲಿ ಕೂರುವ ಹಾಗೆ.