ಚಿನಿವಾರನ ಚುಕ್ಕೆ

ಶುಕ್ರವಾರ ಪೇಟೆಯಲ್ಲಿ, ಫರಸಾಣದಂಗಡಿಯ ಮೇಲೆ,
ಏಳು ತಿಂಗಳು ಚೀಟಿ ಟೈಪು ಮಾಡಿದವಳು ನಾನು.
ನಾಣ್ಯ ನೋಡುವವರು ಇಬ್ಬರು.
ಮೂರನೆಯ ಸಹಿ ಯಾರದೆಂದು ಕೇಳಿದ್ದಕ್ಕೆ
ಮಾಲೀಕ ನಕ್ಕು ಚಹಾ ತರಿಸಿದ್ದ.

ಅದಕ್ಕೇ ದತ್ತೋಬಾ, ನನ್ನನ್ನು ಕೇಳಬೇಡಿ
ಇಂಥ ಸಣ್ಣ ಕಂಪನಿಗಳನ್ನು ನಂಬಬಹುದೇ ಎಂದು.
ಕೇಳಿಯೇ ಬಿಟ್ಟಿರಿ,
ಅದೂ ಒಂಬತ್ತು ಸಾವಿರ ಎಣಿಸಿ ಕೊಟ್ಟು ಬಂದ ಮೇಲೆ.

ಪ್ಲಾಸ್ಟಿಕ್ ಡಬ್ಬಿ. ಒಳಗೆ ಅಂಕುಶದ ರೂಪಾಯಿ,
ಇದೇ ಪುಣೆಯ ಟಂಕಸಾಲೆಯದು.
ನೆತ್ತಿಯ ಮೇಲೆ ಚೀಟಿ: ಐವತ್ತೈದು, ಗಾಯವುಂಟು.
ಮಿನುಗುವ ಸ್ಟಿಕರು, ಬಾರ್‌ಕೋಡು, ಗರುಡನ ಮುದ್ರೆ,
ಹೆಣ್ಣು ನೋಡಲು ಬಂದವರ ಎದುರಿನ ಮನೆಯಂತೆ
ಎಲ್ಲವೂ ಇದ್ದಲ್ಲೇ ಇದೆ.

"ಬಾರಿಸಿ ನೋಡೋಣವೆಂದರೆ ಬಾಯಿ ಕಟ್ಟಿಟ್ಟಿದ್ದಾರಲ್ಲ"
ಎನ್ನುತ್ತೀರಿ. ಐವತ್ತು ವರ್ಷ ತಾಮ್ರ ಬಡಿದ ಕಿವಿ ನಿಮ್ಮದು,
ಹಂಡೆಯ ಬಿರುಕು ಕಣ್ಣಿಗೆ ಬೀಳುವ ಮೊದಲೇ
ದನಿಯಲ್ಲಿ ಹಿಡಿಯುವವರು.
ಡಬ್ಬಿ ಅಲುಗಿಸಿದರೆ ಲೊಟಲೊಟ.
ಅದು ಬೆಳ್ಳಿಯ ಮಾತಲ್ಲ.

ನಾನು ಕಂಡದ್ದು ಹೇಳುತ್ತೇನೆ.
ಬಾರಾಮತಿಯ ಮಾಸ್ತರರೊಬ್ಬರು ಒಂದೇ ನಾಣ್ಯವನ್ನು
ಡಬ್ಬಿ ಒಡೆದು ಒಡೆದು ಮೂರು ಸಲ ಕಳಿಸಿದರು,
ತಮ್ಮ ಹೆಸರಲ್ಲಿ, ಹೆಂಡತಿಯ ಹೆಸರಲ್ಲಿ, ಅಳಿಯನ ಹೆಸರಲ್ಲಿ.
ಜೂನಿನಲ್ಲಿ ಅರವತ್ತೆರಡು.
ಗಣಪತಿ ಮುಳುಗಿದ ಮರುದಿನ, ಇಬ್ಬರ ಕಣ್ಣಲ್ಲೂ ನಿದ್ದೆ,
ಐವತ್ತೆಂಟು.
ದೀಪಾವಳಿಗೆ ದಲ್ಲಾಳಿಯ ಚೀಲದ ಜೊತೆ ಬಂದಾಗ
ಅರವತ್ನಾಲ್ಕು.
ಅಂಚಿನಲ್ಲಿ ಜೀರಿಗೆಯಷ್ಟು ಕಚ್ಚು. ಗುರುತು ಹಿಡಿದೆ.
ಬಾಯಿ ಬಿಡಲಿಲ್ಲ.
ಆ ತಿಂಗಳ ಸಂಬಳ ಒಂದನೇ ತಾರೀಖಿಗೇ ಆಗಿತ್ತು.

ಮಾಸ್ತರರು ಜಗಳಕ್ಕೆ ಬರಲಿಲ್ಲ. ಬಂದು,
ಮೂರು ಚೀಟಿಗಳನ್ನು ಇಸ್ಪೀಟಿನಂತೆ ಹರಡಿ,
"ಇದರಲ್ಲಿ ಯಾವುದನ್ನು ಇಟ್ಟುಕೊಳ್ಳಲಮ್ಮಾ?" ಎಂದರು, ಅಷ್ಟೆ.

ಹೆಸರು ಚಿಕ್ಕದಾದ ಮಾತ್ರಕ್ಕೆ ಕಳ್ಳರಲ್ಲ, ದತ್ತೋಬಾ.
ದೊಡ್ಡವರ ಕಣ್ಣಿಗೂ ಪೊರೆ ಬರುತ್ತದೆ.
ನನ್ನನ್ನು ಕೇಳಿದರೆ ನೋಡಬೇಕಾದ್ದು ಬೇರೆ:
ತಪ್ಪಾಯಿತೆಂದು ಯಾರಿಗಾದರೂ ಎಂದಾದರೂ
ದುಡ್ಡು ತಿರುಗಿ ಕೊಟ್ಟಿದ್ದಾರೆಯೇ?
'ನಮಗೆ ತಿಳಿಯಲಿಲ್ಲ' ಎಂದು
ಒಂದಾದರೂ ನಾಣ್ಯ ವಾಪಸು ಕಳಿಸಿದ್ದಾರೆಯೇ?
ಏಳು ತಿಂಗಳಲ್ಲಿ ಆ ಎರಡು ಪದ
ನನ್ನ ಬೆರಳು ಒಮ್ಮೆಯೂ ಟೈಪು ಮಾಡಲಿಲ್ಲ.

ಇತ್ತ ತನ್ನಿ, ಬೆಳಕಿಗೆ.
ಅಂಕುಶದ ಪಕ್ಕದಲ್ಲಿ ಸಣ್ಣ ಚುಕ್ಕೆ ನೋಡಿ,
ಉಗುರು ಊರಿದ ಹಾಗೆ.
ಚೀಟಿ ಗಾಯವೆನ್ನುವುದು ಇದಕ್ಕೇ.
ವಿಜಾಪುರದ ಕಡೆ ನಾವು ಇವನಿಗೆ ಚಿನಿವಾರ ಎನ್ನುತ್ತೇವೆ,
ಕಲ್ಲಿಗೆ ಒರೆದು, ಹಾಸುಗಲ್ಲಿಗೆ ಬಿಸಾಕಿ, ಕಿವಿಗೊಟ್ಟು,
ಆಮೇಲೆ ಉಳಿಯಿಟ್ಟು ಒಂದೇ ಪೆಟ್ಟು.
ಅವನ ಹೆಸರೂ ಓಣಿಯಾಚೆ ಯಾರಿಗೂ ಗೊತ್ತಿರಲಿಲ್ಲ.
ಆದರೆ ಪೆಟ್ಟು ಸುಳ್ಳಾದರೆ
ನಾಳೆ ಅದೇ ಕಟ್ಟೆ, ಅದೇ ಗಿರಾಕಿ, ಅದೇ ಮೋರೆ.
(ಅವನೂ ಅಂಚು ಹೆರೆದಿರಬಹುದು ಬಿಡಿ.
ಸತ್ತವರನ್ನು ನಂಬುವುದು ಸುಲಭ.)

ನೀವು ಆಗಲೇ ಕತ್ತರಿ ತೆಗೆದಿದ್ದೀರಿ,
ತಗಡು ಕೊರೆಯುವಂಥದ್ದು.
ಡಬ್ಬಿ ಕಡಲೆಕಾಯಿಯಂತೆ ಬಿರಿಯಿತು.
ತಡೆಯಿರಿ, ಈಗ ಬೇಡ,
ತಾಂಬಟ್ ಆಳಿಯ ತುಂಬ ಸುತ್ತಿಗೆಗಳ ಗದ್ದಲ,
ಊಟದ ಹೊತ್ತಾಗಲಿ.

ಒಂದು ಗಂಟೆ. ಒಂದೊಂದೇ ಸುತ್ತಿಗೆ ಕೈಬಿಟ್ಟವು.
ತುದಿಯ ಮನೆಯದು ಎರಡು ಪೆಟ್ಟು ಹೆಚ್ಚು ಬಡಿದು ಸುಮ್ಮನಾಯಿತು.
ನೀವು ನಾಣ್ಯವನ್ನು ಕಲ್ಲಿಗೆ ಬಿಟ್ಟಿರಿ.

ನನಗೆ ಕೇಳಿದ್ದು ಬರೀ ಟಣ್.
ನೀವು ಕಣ್ಣು ಮುಚ್ಚಿ
ಇನ್ನೂ ಕೇಳುತ್ತಲೇ ಇದ್ದೀರಿ.