ಎರವಲು ನಾಯಿ

ಡಿಗೊರಿ ಹಾಕನ್ನನ ಮಂಡಿಗೆ ಹೊಸ ಚಿಪ್ಪು ಕೂರಿಸಿದ ಮೇಲೆ
ಅವನ ನಾಯಿ ನನ್ನ ಪಾಲಿಗೆ ಬಂತು,
ಬೆಳಿಗ್ಗೆ ಎರಡು ತಾಸಿನ ಮಟ್ಟಿಗೆ.
ಹೆಸರು ಬಟನ್. ಯಾವ ಕಾಜಕ್ಕೂ ಸಿಕ್ಕುವವಳಲ್ಲ.
ನನಗೋ ನಾಯಿ ಅಂದರೆ ಅಷ್ಟಕ್ಕಷ್ಟೆ:
ಇಪ್ಪತ್ತೆರಡು ವರ್ಷ ಈ ಊರಿಗೆ ಟಪಾಲು ಹಂಚಿದವಳು,
ಬಲಗಾಲ ಮೀನಖಂಡದಲ್ಲಿ ಅದಕ್ಕೆ ರುಜು ಇದೆ.

ಕಾರ್ನ್‌ವಾಲಿನ ಏಪ್ರಿಲ್ ಇದು,
ಬಿಸಿಲಿಗೂ ಕೋಟು ಹಾಕಿಕೊಂಡೇ ಹೊರಡಬೇಕು.
ಚರ್ಚಿನ ಗೋಡೆ ದಾಟಿದರೆ ಇಳಿಜಾರು.
ಸ್ಲೇಟುಕಲ್ಲಿನ ಮಾಡುಗಳು ಇನ್ನೂ ಒದ್ದೆ.
ಕಿಟಕಿಯಲ್ಲಿ ಒಂದು ಬೆಕ್ಕು,
ಕಾಣಲಿಲ್ಲ ಎಂಬಂತೆ ನಾವಿಬ್ಬರೂ ನಡೆದೆವು.
ಮಿಸೆಸ್ ಟ್ರೆವಾನಿಯನ್ ಬೇಲಿಯಾಚೆಯಿಂದ
ಬಗ್ಗಿ ನಮಸ್ಕಾರ ಹೇಳಿದಳು.
ನನಗಲ್ಲ, ನಾಯಿಗೆ.

ಆಮೇಲೆ ಕಾಲುವೆ.
ಎಲ್ಲಿಗೋ ಹೋಗಲೇಬೇಕೆಂಬ ನದಿಯ ಹಟ ಇದಕ್ಕಿಲ್ಲ.
ಮೋಡವನ್ನು ಕುತ್ತಿಗೆವರೆಗೆ ಹೊದ್ದು ಮಲಗಿದೆ.
ಬಾತುಕೋಳಿಯೊಂದು ಆ ಹೊದಿಕೆಯನ್ನು
ನಡುವೆ ಸೀಳಿಕೊಂಡು ಹೋಗುತ್ತದೆ,
ಹಿಂದೆಯೇ ಅದು ತಾನಾಗಿ ಹೊಲಿದುಕೊಳ್ಳುತ್ತದೆ.
ಒಂದು ಕಾಲಕ್ಕೆ ಇದಕ್ಕೂ ಕಸುಬಿತ್ತು:
ಕಡಲ ಮರಳನ್ನು ದೋಣಿಗಳಲ್ಲಿ ತುಂಬಿ
ಗುಡ್ಡದ ಮೇಲಿನ ಹುಳಿಮಣ್ಣಿನ ಹೊಲಗಳಿಗೆ ಹೊರುವುದು.
ಚಿಪ್ಪಿನ ಪುಡಿ ಬಿದ್ದರೆ ನೆಲ ಸಿಹಿಯಾಗುತ್ತದಂತೆ.
ಉಪ್ಪಿನ ಮನೆಯಿಂದ ಸಿಹಿ!
ಡಿಗೊರಿಯ ತಾತನ ತಾತ
ದೋಣಿ ಎಳೆವ ಕುದುರೆಯ ಹಿಂದೆ ಇದೇ ದಡದಲ್ಲಿ ನಡೆದವನು,
ಅವನು ನಡೆದೂ ನಡೆದೂ ದಡವೇ ತಗ್ಗಾಯಿತಂತೆ.
ಡಿಗೊರಿ ಹೇಳಿದ್ದರಲ್ಲಿ ಅರ್ಧ ಕಳೆದು ಕೇಳಬೇಕು.

ಎರಡನೇ ಸೇತುವೆಯ ಕಮಾನಿನಡಿ ಬಟನ್ ನಿಂತುಬಿಟ್ಟಳು.
ಎಳೆದೆ. ಗದರಿದೆ. ಬಿಸ್ಕತ್ತು ತೋರಿಸಿದೆ.
ಬಿಸ್ಕತ್ತು ತಿಂದು ಮತ್ತೆ ಅಲ್ಲೇ ನಿಂತಳು.
ಗಾಳ ಹಾಕಿ ಕೂತಿದ್ದ ಹುಡುಗ ಜೇಗೊ
ನೀರಿಂದ ಕಣ್ಣು ಕೀಳದೆ ಅಂದ:
"ಕೂಗಬೇಕು. ಅವರು ದಿನಾ ಕೂಗ್ತಾರೆ."
ಅರವತ್ತೊಂದು ವರ್ಷದವಳು ನಾನು.
ಹಿಂದೆ ಮುಂದೆ ನೋಡಿದೆ.
ಓಹೋಯ್, ಅಂದೆ, ಟಪಾಲಿನವಳ ತಗ್ಗಿದ ದನಿಯಲ್ಲಿ.
ಕಮಾನು ಅದನ್ನು ತೆಗೆದುಕೊಂಡು
ದಪ್ಪ ಮಾಡಿ ವಾಪಸು ಕೊಟ್ಟಿತು.
ಬಟನ್ ಬಾಲ ಎತ್ತಿ ಮುಂದೆ ನಡೆದಳು,
ದಾರಿಯ ಸುಂಕ ಸಂದಾಯವಾಯಿತು ಎನ್ನುವ ಹಾಗೆ.

ಕಾಲುವೆ ಮುಗಿಯುವುದು ಎರಡು ಮರದ ಕದಗಳಲ್ಲಿ.
ಆಚೆ ಕಡೆಯಿಂದ ಅಟ್ಲಾಂಟಿಕ್ ತಟ್ಟುತ್ತಲೇ ಇರುತ್ತದೆ,
ಯಾರೂ ತೆರೆಯುವುದಿಲ್ಲ.
ಹಗ್ಗ ಬಿಚ್ಚಿದೆ.
ಓಡಿದಳು, ಕಡಲಹಕ್ಕಿಗಳ ಸಂತೆಯೊಳಗೆ ನುಗ್ಗಿ,
ನೊರೆಯ ಅಂಚಿಗೆ, ಅಂಚಿನಿಂದ ಕಪ್ಪು ಬಂಡೆಗಳಾಚೆಗೆ,
ಸಣ್ಣಗೆ, ಇನ್ನೂ ಸಣ್ಣಗೆ.
ನಿಜಕ್ಕೂ ಒಂದು ಬಟನ್ ಆದಳು,
ಮರಳಿನ ಅಗಲ ಅಂಗಿಗೆ ಒಂದೇ ಎಳೆ ದಾರದಲ್ಲಿ ಹೊಲಿದದ್ದು.
ಆ ಎಳೆಯೂ ಹರಿಯಿತು. ಕಾಣಲಿಲ್ಲ.
ಹೆಸರು ಹಿಡಿದು ಕರೆದೆ. ಗಾಳಿ ಹೆಸರನ್ನು ತಿಂದಿತು.
ಪರರ ನಾಯಿ.
ಅವನಿಗೆ ಏನೆಂದು ಹೇಳಲಿ?
ಆಗ ಹಿಂದೆ ಮುಂದೆ ನೋಡಲಿಲ್ಲ, ಹೊಟ್ಟೆಯಿಂದ ಬಂತು:
ಓಹೋಯ್!
ಓಹೋಯ್!
ಬಂಡೆಯ ಸಂದಿನಿಂದ ಮೊದಲು ಬಂದದ್ದು ಕಿವಿ.

ಡಿಗೊರಿ ಕುರ್ಚಿಯಿಂದ ಏಳಲಿಲ್ಲ, ಏಳಲಾರ.
ಹೇಗಿತ್ತು ಎಂದೂ ಕೇಳಲಿಲ್ಲ.
ಅವಳ ಮುಂಗಾಲನ್ನು ಅಂಗೈಯಲ್ಲಿಟ್ಟುಕೊಂಡು
ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿದ.
ಉದುರಿದ್ದು ಒಂದು ಚಿಟಿಕೆ. ಹೆಬ್ಬೆರಳಲ್ಲಿ ಉಜ್ಜಿ ನೋಡಿ,
"ಇಳಿತ ಪೂರ್ತಿ ಆಗಿತ್ತು. ಬಂಡೆಯಾಚೆ ಬಿಟ್ಟಿದ್ದೀಯ," ಅಂದ.
ಹೌದು, ಅಂದೆ.
"ಗಂಟಲು ಕೂತಿದೆಯಲ್ಲ, ಲವ್‌ಡೇ."
ಚಹಾಕ್ಕೆ ನೀರಿಡಲು ಎದ್ದೆ.
ಹಿಂದೆ, ನಾನು ನೋಡುತ್ತಿಲ್ಲ ಎಂದುಕೊಂಡು,
ಕಿಟಕಿಯ ಜೆರೇನಿಯಂ ಕುಂಡಕ್ಕೆ
ಅವನು ಆ ಚಿಟಿಕೆಯನ್ನು ಕೊಡವಿದ.